ಅಲೆಕ್ಸಾಂಡರ್ ತೊಟ್ಟಿದ್ದು ಬಟ್ಟೆಯ ಕವಚವಾ? ಬಟ್ಟೆ ಬಾಣ ತಡೆಯುತ್ತಾ?

ಕೌದಿಮನೆ
ಎಲ್ಲರಿಗೂ ನಮಸ್ಕಾರ. ಮಗಳು ಶಾಲೆಯ ಪ್ರಾಜೆಕ್ಟಿಗೆ ಅಲೆಕ್ಸಾಂಡರನ ಚಿತ್ರ ಬಿಡಿಸುತ್ತಿದ್ದಳು. ಪಾಂಪೆ ಊರಿನ ಮನೆಯೊಂದರ ನೆಲದಲ್ಲಿ ಸಿಕ್ಕ ಹಳೆಯ ಮೊಸಾಯಿಕ್ ಇದೆಯಲ್ಲ, ಕುದುರೆಯ ಮೇಲೆ ಕೂತು ಪರ್ಷಿಯಾದ ರಾಜನ ಕಡೆಗೆ ನುಗ್ಗುವುದು, ಅದನ್ನು ನೋಡಿಕೊಂಡು ಬಿಡಿಸಿದಳು. ಎದೆಯ ಕವಚಕ್ಕೆ ಬಿಳಿ ಬಣ್ಣ ಹಚ್ಚಿದಳು. "ಕಬ್ಬಿಣ ಬೆಳ್ಳಗಿರುತ್ತೇನೇ?" ಎಂದೆ. "ಅದು ಬಟ್ಟೆ ಅಂತೆ ಅಮ್ಮ" ಎಂದಳು.

ನಾನು ನಂಬಲಿಲ್ಲ. ಆಮೇಲೆ ನಮ್ಮ ಅತ್ತೆ ಕೌದಿ ಹೊಲಿಯುವುದು ನೆನಪಾಯಿತು. ಹಳೆ ಸೀರೆ, ಹಳೆ ಧೋತರ ಒಂದರ ಮೇಲೊಂದು ಹಾಸಿ ಹೊಲಿಯುತ್ತಾರೆ. ಆರೇಳು ಪದರ ಆದಮೇಲೆ ಸೂಜಿ ಒಳಗೆ ಹೋಗುವುದೇ ಕಷ್ಟ. ಮೂಲೆಯಲ್ಲಿ ಮಡಿಕೆ ಜಾಸ್ತಿಯಾದರೆ ದಬ್ಬಣವೇ ಬೇಕು. ಹಾಗಾದರೆ ಮಗಳು ಹೇಳಿದ್ದು ನಿಜ ಇರಬಹುದಾ? ಬಟ್ಟೆ ತೊಟ್ಟು ಬಾಣಕ್ಕೆ ಎದೆ ಕೊಡಲು ಆಗುತ್ತಿತ್ತಾ? ತಿಳಿದವರು ಹೇಳಿ.

ಹಳೆಬರಹ
ಮಗಳಿಗೆ ಶಹಬ್ಬಾಸ್ ಹೇಳಿ. ಅವಳು ಹೇಳಿದ್ದೇ ಸರಿ.

ಆ ಮೊಸಾಯಿಕ್ 1831ರಲ್ಲಿ ಸಿಕ್ಕಿತು. ಅದರಲ್ಲಿ ಅಲೆಕ್ಸಾಂಡರನ ಕವಚ ಬೆಳ್ಳಗಿದೆ, ಹೆಗಲ ಮೇಲೆ ಎರಡು ಪಟ್ಟಿ ಮುಂದಕ್ಕೆ ಬಂದು ಕಟ್ಟಿಕೊಳ್ಳುತ್ತವೆ. ಅಲೆಕ್ಸಾಂಡರನ ಜೀವನಚರಿತ್ರೆ ಬರೆದ ಗ್ರೀಕ್ ಲೇಖಕ ಪ್ಲುಟಾರ್ಕ್ ಕೂಡ ಹೇಳಿದ್ದಾನೆ. ಕ್ರಿ.ಪೂ. 331ರ ಗೌಗಮೇಲಾ ಯುದ್ಧದ ದಿನ ಅಲೆಕ್ಸಾಂಡರ್ ಎರಡು ಪದರದ ನಾರುಬಟ್ಟೆಯ (ಅಗಸೆ ನಾರಿನ ಲಿನನ್) ಎದೆಗವಚ ತೊಟ್ಟಿದ್ದನಂತೆ. ಅದು ಎರಡು ವರ್ಷ ಹಿಂದೆ ಇಸ್ಸಸ್ ಯುದ್ಧದಲ್ಲಿ ಸಿಕ್ಕ ಲೂಟಿಯ ಮಾಲು. ಲೋಕ ಗೆಲ್ಲಲು ಹೊರಟ ರಾಜ ಶತ್ರುಗಳಿಂದ ಸಿಕ್ಕ ಬಟ್ಟೆಯ ಕವಚವನ್ನೇ ಆರಿಸಿ ತೊಟ್ಟ ಅಂದರೆ ಅದರಲ್ಲಿ ಏನೋ ಇತ್ತು ಅಲ್ವಾ?

ಇದಕ್ಕೂ ಹಿಂದಿನದು ಬೇಕೆಂದರೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಇದ್ದಾನೆ. ಈಜಿಪ್ಟಿನ ರಾಜ ಅಮಾಸಿಸ್ ಸ್ಪಾರ್ಟಾದವರಿಗೆ ಒಂದು ನಾರುಬಟ್ಟೆಯ ಕವಚ ಕಳಿಸಿದ್ದನ್ನು ಹೇಳುತ್ತಾನೆ. ಅದರಲ್ಲಿ ಪ್ರಾಣಿಗಳ ಚಿತ್ರ ನೇಯ್ದಿದ್ದರು, ಚಿನ್ನದ ಎಳೆಯ ಜೊತೆ ಹತ್ತಿಯ ಎಳೆಯೂ ಇತ್ತು. ಹತ್ತಿಗೆ ಅವನು "ಮರದ ಉಣ್ಣೆ" ಎನ್ನುತ್ತಾನೆ. ಅವನಿಗೆ ಬೆರಗು ಹುಟ್ಟಿಸಿದ್ದು ಇನ್ನೊಂದು ಸಂಗತಿ. ನೋಡಲು ಸಣ್ಣಗಿದ್ದ ಒಂದೊಂದು ದಾರದಲ್ಲೂ 360 ಎಳೆ ಇದ್ದವಂತೆ.

ಒಂದು ಕೊರತೆ ಇದೆ. ಗ್ರೀಕರ ಕಾಲದ ಇಂಥ ಇಡೀ ಕವಚ ಒಂದೂ ಉಳಿದಿಲ್ಲ. ಬಟ್ಟೆ ಮಣ್ಣಲ್ಲಿ ಕೊಳೆಯುತ್ತದೆ. ಅದಕ್ಕೇ ಇದನ್ನು ಹೇಗೆ ಮಾಡುತ್ತಿದ್ದರು ಎಂದು ಇವತ್ತಿಗೂ ಜಗಳ ನಡೆದಿದೆ. ಅಂಟು ಹಾಕಿ ಪದರ ಕೂಡಿಸಿದ್ದರು ಎನ್ನುವವರು ಒಂದು ಕಡೆ. ಕೌದಿಯ ಹಾಗೆ ಹೊಲಿದಿದ್ದರು ಎನ್ನುವವರು ಇನ್ನೊಂದು ಕಡೆ. ಚಿತ್ರಗಳಲ್ಲಿ ಕಾಣುವ ಎಷ್ಟೋ ಬಿಳಿ ಕವಚಗಳು ಚರ್ಮದವು ಎನ್ನುವವರೂ ಇದ್ದಾರೆ.

ಕುಲುಮೆ
ನಾನು ಇಪ್ಪತ್ತು ವರ್ಷದಿಂದ ಫ್ಯಾಬ್ರಿಕೇಶನ್ ಕೆಲಸ ಮಾಡುವವನು, ತಗಡಿನ ಜೊತೆಗೇ ಬದುಕು. ಹಳೆಬರಹ ಸರ್, ಗೌರವದಿಂದಲೇ ಹೇಳುತ್ತೇನೆ, ಬಟ್ಟೆಯನ್ನು ಜಾಸ್ತಿ ಹೊಗಳಬೇಡಿ.

ಗ್ರೀಕರ ಹತ್ತಿರ ಲೋಹ ಮೊದಲೇ ಇತ್ತು. ಡೆಂಡ್ರಾ ಎನ್ನುವ ಹಳ್ಳಿಯ ಗೋರಿಯಲ್ಲಿ 1960ರಲ್ಲಿ ಒಂದು ಕಂಚಿನ ಕವಚ ಸಿಕ್ಕಿತು. ಸುಮಾರು 3500 ವರ್ಷ ಹಳೆಯದು. ಕತ್ತಿನಿಂದ ತೊಡೆಯ ತನಕ ಕಂಚಿನ ತಗಡು, ಕೆಳಗೆ ಪಟ್ಟಿ ಪಟ್ಟಿಯಾಗಿ ತೂಗುತ್ತದೆ. ನೋಡಲು ಹಂಡೆಯೊಳಗೆ ಮನುಷ್ಯ ಇಳಿದ ಹಾಗಿದೆ. ಇದು ಬರೀ ಮೆರವಣಿಗೆಗೆ ಇರಬೇಕು, ತೊಟ್ಟು ಕಾದಲು ಆಗಲ್ಲ ಎಂದು ಎಷ್ಟೋ ಜನ ಹೇಳುತ್ತಿದ್ದರು. ಗ್ರೀಸಿನ ಸಂಶೋಧಕರು ಅದರ ಪ್ರತಿ ಮಾಡಿಸಿ 13 ಸೈನಿಕರಿಗೆ ತೊಡಿಸಿದರು. ಹೋಮರನ ಕಾವ್ಯದಲ್ಲಿ ಬರುವ ಹಾಗೆ ಯುದ್ಧದ ಕೆಲಸಗಳನ್ನು 11 ಗಂಟೆ ಮಾಡಿಸಿದರು. ಎಲ್ಲರೂ ಮಾಡಿ ಮುಗಿಸಿದರು. 2024ರಲ್ಲಿ ಅದರ ವರದಿ ಬಂತು. ಓದಿ ನನಗೆ ಖುಷಿಯಾಯಿತು. ಆ ಕಾಲದ ಕಂಚುಗಾರ ಸುಮ್ನೆ ಅಲಂಕಾರಕ್ಕೆ ಅಷ್ಟು ಬಡಿದಿರಲ್ಲ ಎಂದು ನನಗೆ ಮೊದಲಿನಿಂದಲೂ ಅನಿಸುತ್ತಿತ್ತು.

ಇನ್ನು ಬಟ್ಟೆಯ ವಿಷಯ. ಕ್ರಿ.ಶ. 2ನೇ ಶತಮಾನದ ಗ್ರೀಕ್ ಲೇಖಕ ಪೌಸಾನಿಯಸ್ ನೇರವಾಗಿ ಬರೆದಿದ್ದಾನೆ. ನಾರುಬಟ್ಟೆಯ ಕವಚ ಯುದ್ಧಕ್ಕೆ ಅಷ್ಟು ಪ್ರಯೋಜನ ಇಲ್ಲ, ಜೋರಾಗಿ ಬಿದ್ದ ಕಬ್ಬಿಣ ಅದನ್ನು ತೂರಿ ಹೋಗುತ್ತದೆ, ಬೇಟೆಗೆ ಆಗಬಹುದು, ಸಿಂಹ ಚಿರತೆಗಳ ಹಲ್ಲು ಅದರಲ್ಲಿ ಮುರಿಯುತ್ತದೆ ಅಂತ. ಅಲೆಕ್ಸಾಂಡರನಿಗೇ ಏನಾಯಿತು? ಪೋರಸ್ ಜೊತೆಗಿನ ಯುದ್ಧದ ನಂತರ, ಮಲ್ಲರು ಎಂಬ ಜನರ ಕೋಟೆಯಲ್ಲಿ, ಬಾಣ ಕವಚ ತೂರಿಕೊಂಡು ಎದೆಯೊಳಗೆ ಹೋಯಿತು. ಸಾಯುವ ಹಾಗಾಗಿತ್ತು.

ಹಳೆಬರಹ
ಪೌಸಾನಿಯಸನ ಮಾತು ತಂದಿದ್ದು ಒಳ್ಳೆಯದಾಯಿತು, ಅದನ್ನು ಮುಚ್ಚಿಡಬಾರದು. ಆದರೆ ಮಲ್ಲರ ಕೋಟೆಯಲ್ಲಿ ಅಲೆಕ್ಸಾಂಡರ್ ತೊಟ್ಟಿದ್ದ ಕವಚ ಬಟ್ಟೆಯದೋ ಲೋಹದ್ದೋ ಎಂದು ಅಲೆಕ್ಸಾಂಡರನ ದಂಡಯಾತ್ರೆಯ ಚರಿತ್ರೆ ಬರೆದ ಆರಿಯನ್ ಹೇಳುವುದಿಲ್ಲ. ಅವನು ಹೇಳುವುದು ಬಾಣ ಕವಚವನ್ನು ತೂರಿತು ಎಂದಷ್ಟೇ. ಅದನ್ನು ಬಟ್ಟೆಯ ಲೆಕ್ಕಕ್ಕೆ ಬರೆಯಬೇಡಿ.

ಪ್ರಯೋಗದ ವಿಷಯ ಬಂದಿದ್ದರಿಂದ ಇನ್ನೊಂದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಗ್ರೆಗರಿ ಆಲ್ಡ್ರೆಟ್ ಎಂಬ ಪ್ರಾಧ್ಯಾಪಕರು ವಿದ್ಯಾರ್ಥಿಗಳ ಜೊತೆ ಸೇರಿ ನಾರುಬಟ್ಟೆಯನ್ನು ಅಂಟಿನಿಂದ ಪದರ ಪದರವಾಗಿ ಕೂಡಿಸಿ ಕವಚ ಮಾಡಿದರು. ಮೊಲದ ಚರ್ಮದಿಂದ ತೆಗೆದ ಅಂಟು ಹಾಕಿದ್ದರು. ಒಂದು ಸೆಂಟಿಮೀಟರ್ ಆಸುಪಾಸಿನ ದಪ್ಪಕ್ಕೆ ಬರುವಷ್ಟರಲ್ಲಿ ಬಾಣಗಳು ನಿಲ್ಲತೊಡಗಿದವು. ಅಂಟು ಒಣಗಿದ ಹಲಗೆಯನ್ನು ಅಳತೆಗೆ ಕತ್ತರಿಸಲು ಕತ್ತರಿ ಸೋತಿತು, ಕೊನೆಗೆ ಕರೆಂಟಿನ ಗರಗಸವೇ ಬೇಕಾಯಿತು. ಗ್ರೀಕರ ಹತ್ತಿರ ಅಂಥ ಗರಗಸ ಇರಲಿಲ್ಲ. ಹಾಗಾಗಿ ಮೊದಲೇ ಅಳತೆಗೆ ಕತ್ತರಿಸಿ ಆಮೇಲೆ ಅಂಟಿಸಿರಬೇಕು ಎಂದು ಅವರು ತೀರ್ಮಾನ ಮಾಡಿದರು. ನನ್ನ ಮಟ್ಟಿಗೆ ಅಂಟಿಗಿಂತ ಹೊಲಿಗೆಯೇ ಹೆಚ್ಚು ನಂಬುವಂಥದ್ದು. ಮಳೆಯಲ್ಲಿ, ಬೆವರಿನಲ್ಲಿ ಅಂಟು ಮೆತ್ತಗಾಗುತ್ತದೆ.

ಕೌದಿಮನೆ
ಕತ್ತರಿ ಸೋತ ವಿಷಯ ಅತ್ತೆಗೆ ಓದಿ ಹೇಳಿದೆ. "ಹೊಲಿದ ಮ್ಯಾಲೆ ಯಾರಾರ ಕತ್ತರಿಸ್ತಾರೇನು? ಮೊದಲ ಅಳತಿ ನೋಡಬೇಕು" ಎಂದರು.

ರೈನ್‌ದಂಡೆ
ನಾನು ಜರ್ಮನಿಯಲ್ಲಿರುವುದು, ಊರು ಹಾಸನ. ರೋಮನ್ನರ ಕವಚ ಒಂದು ಇಲ್ಲೇ ಸಿಕ್ಕಿದೆ, ಅದರ ಬಗ್ಗೆ ಹೇಳಲೇಬೇಕು.

ಕ್ರಿ.ಶ. 9ರಲ್ಲಿ ಟ್ಯೂಟೊಬರ್ಗ್ ಕಾಡಿನಲ್ಲಿ ಜರ್ಮನ್ ಬುಡಕಟ್ಟುಗಳು ರೋಮಿನ ಮೂರು ದಳಗಳನ್ನು ಮುಗಿಸಿದವು. ಆ ಯುದ್ಧ ನಡೆದ ಜಾಗ ಎಂದು ಹೆಚ್ಚಿನವರು ನಂಬುವ ಕಾಲ್ಕ್ರೀಸೆಯಲ್ಲಿ 2018ರಲ್ಲಿ ಬಹುತೇಕ ಪೂರ್ತಿಯಾದ ಒಂದು ಎದೆಗವಚ ಸಿಕ್ಕಿತು. ಅಡ್ಡಡ್ಡ ಕಬ್ಬಿಣದ ಪಟ್ಟಿಗಳನ್ನು ಒಳಗೆ ಚರ್ಮದ ಪಟ್ಟಿಯಿಂದ ಕೂಡಿಸಿದ್ದು. ಟ್ರಾಜನ್ ಕಂಬದ ಕೆತ್ತನೆಯಲ್ಲಿ, ಸಿನಿಮಾಗಳಲ್ಲಿ ನೋಡುತ್ತೇವಲ್ಲ, ಅದೇ. ಇದನ್ನು ಲೋರಿಕಾ ಸೆಗ್ಮೆಂಟಾಟಾ ಎನ್ನುತ್ತಾರೆ, ಆದರೆ ರೋಮನ್ನರು ಹಾಗೆ ಕರೆದದ್ದಲ್ಲ. 16ನೇ ಶತಮಾನದ ವಿದ್ವಾಂಸರು ಇಟ್ಟ ಹೆಸರು.

ಮಣ್ಣಿನ ಹೆಂಟೆಯೊಳಗೇ ಇಟ್ಟು ಎಕ್ಸ್‌ರೇ ತೆಗೆದರು. ಕವಚದ ಜೊತೆಯಲ್ಲಿ ಕಬ್ಬಿಣದ ಕೊರಳಪಟ್ಟಿ, ಕೈಕೋಳ ಸಿಕ್ಕವು. ಕವಚ ತೊಟ್ಟಿದ್ದವನನ್ನು ಯುದ್ಧ ಮುಗಿದ ಮೇಲೆ ಕೋಳ ಹಾಕಿ ಹಿಡಿದಿರಬೇಕು. ಎದೆಯನ್ನು ಅಷ್ಟು ಚೆನ್ನಾಗಿ ಕಾದ ಕವಚ, ಕೊರಳಿಗೆ ಬಿದ್ದ ಕೋಳ. ಆ ಹುಡುಗ ಯಾವ ಊರಿನವನೋ ಏನೋ, ತುಂಬಾ ದಿನ ನನ್ನ ತಲೆಯಲ್ಲಿ ಉಳಿದುಬಿಟ್ಟ.

ಈ ಚರ್ಚೆಗೆ ಸಂಬಂಧಪಟ್ಟ ಮಾತು ಏನೆಂದರೆ, ಆ ಕಬ್ಬಿಣ ಬರೀ ಮೈಮೇಲೆ ಕೂರುವುದಿಲ್ಲ. ಹೆಗಲು ತರಚಿ ಹೋಗುತ್ತದೆ. ಒಳಗೆ ದಪ್ಪ ಅಂಗಿ ಬೇಕೇ ಬೇಕು. ರೋಮಿನ ಕೊನೆಗಾಲದ, ಹೆಸರು ಗೊತ್ತಿಲ್ಲದ ಒಬ್ಬ ಲೇಖಕ ಅಂಥ ಅಂಗಿಯ ಬಗ್ಗೆ ಬರೆದಿದ್ದಾನೆ. ಕಂಬಳಿಯ ಹಾಗೆ ಒತ್ತಿ ಮಾಡಿದ ಉಣ್ಣೆಯದು, ಕವಚದ ಭಾರ ಮೈಗೆ ತಾಗದಿರಲಿ ಎಂದು. ಕಾಲ್ಕ್ರೀಸೆಯಲ್ಲಿ ನಮಗೆ ಸಿಕ್ಕಿದ್ದು ಕಬ್ಬಿಣ. ಒಳಗಿನ ಅಂಗಿಯನ್ನು ಮಣ್ಣು ತಿಂದಿದೆ.

ಕುಲುಮೆ
ಇದು ಒಪ್ಪುವ ಮಾತು. ಸರಪಳಿ ಅಂಗಿಗಂತೂ ಇದು ಇನ್ನೂ ಜಾಸ್ತಿ ನಿಜ. ಹತ್ತಾರು ಸಾವಿರ ಸಣ್ಣ ಬಳೆಗಳನ್ನು ಒಂದರೊಳಗೊಂದು ಹಾಕಿ, ತುದಿ ಚಪ್ಪಟೆ ಮಾಡಿ, ತೂತು ಕೊರೆದು ರಿವೆಟ್ ಹೊಡೆದಿರುತ್ತಾರೆ. ಕೆಲ್ಟ್ ಜನ ಕಂಡುಹಿಡಿದದ್ದು, ಕ್ರಿ.ಪೂ. 3ನೇ ಶತಮಾನದ ಹೊತ್ತಿಗೇ ಇತ್ತು. ರೋಮನ್ನರು ಅವರಿಂದ ಕಲಿತರು. ಆಮೇಲೆ ಯುರೋಪ್, ಪರ್ಷಿಯಾ, ನಮ್ಮ ದೇಶ ಎಲ್ಲ ಕಡೆ ಹಬ್ಬಿತು. ಕತ್ತಿ ಎಳೆದರೆ ಕೊಯ್ಯುವುದಿಲ್ಲ. ಆದರೆ ಗದೆ, ಕೊಡಲಿ ಬಿದ್ದರೆ ಬಳೆಗಳೂ ಬಗ್ಗುತ್ತವೆ, ಒಳಗಿನ ಮೂಳೆ ಮುರಿಯುತ್ತದೆ. ಅಲ್ಲಿ ಕೆಲಸ ಮಾಡುವುದು ಒಳಗಿನ ದಪ್ಪ ಬಟ್ಟೆ. ಒಪ್ಪಿದೆ.

ಆದರೆ ಬಟ್ಟೆ ಒಂದೇ ಇದ್ದರೆ?

ಹಳೆಬರಹ
ಅದಕ್ಕೆ ನೋಡಿದವರ ಸಾಕ್ಷಿಯೇ ಇದೆ. 1191ರ ಸೆಪ್ಟೆಂಬರ್ 7ರಂದು ಅರ್ಸೂಫ್ ಯುದ್ಧ, ಮೂರನೇ ಕ್ರುಸೇಡು, ಅಂದರೆ ಜೆರುಸಲೇಮಿಗಾಗಿ ಯುರೋಪಿನ ಕ್ರೈಸ್ತರು ನಡೆಸಿದ ಧರ್ಮಯುದ್ಧ. ಅದಕ್ಕೆ ಮುಂಚೆ ಇಂಗ್ಲೆಂಡಿನ ರಿಚರ್ಡ್ ರಾಜನ ಸೈನ್ಯ ಸಮುದ್ರದ ದಂಡೆಯಲ್ಲಿ ದಕ್ಷಿಣಕ್ಕೆ ನಡೆಯುತ್ತಿತ್ತು, ಎದುರಾಳಿ ಸುಲ್ತಾನ ಸಲಾದಿನನ ಬಿಲ್ಲುಗಾರರು ಪಕ್ಕದಿಂದ ಹೊಡೆಯುತ್ತಿದ್ದರು. ಸಲಾದಿನನ ಜೊತೆಗಿದ್ದ ಬಹಾವುದ್ದೀನ್ ಬರೆದಿಟ್ಟಿದ್ದಾನೆ. ಕ್ರುಸೇಡಿನ ಕಾಲಾಳುಗಳು ಒತ್ತಿದ ಉಣ್ಣೆಯ ದಪ್ಪ ಅಂಗಿ, ಅದರ ಜೊತೆ ಸರಪಳಿ ಅಂಗಿ ತೊಟ್ಟಿದ್ದರು. ಒಬ್ಬೊಬ್ಬರ ಬೆನ್ನಿನಲ್ಲಿ ಒಂದರಿಂದ ಹತ್ತು ಬಾಣ ನಾಟಿಕೊಂಡಿದ್ದವು. ಆದರೂ ಸಾಲು ಬಿಡದೆ ನಡೆಯುತ್ತಲೇ ಇದ್ದರು. ಹೇಳಿದ್ದು ಶತ್ರು, ಹೊಗಳುವ ಅಗತ್ಯ ಅವನಿಗೆ ಇರಲಿಲ್ಲ.

ಅಲ್ಲಿ ಸರಪಳಿಯೂ ಇತ್ತು ಎಂದು ಕುಲುಮೆಯವರು ಹೇಳುತ್ತಾರೆ, ಗೊತ್ತು. ಅದಕ್ಕೇ ಹತ್ತು ವರ್ಷ ಹಿಂದಕ್ಕೆ ಹೋಗೋಣ. 1181ರಲ್ಲಿ ಇಂಗ್ಲೆಂಡಿನ ಎರಡನೇ ಹೆನ್ರಿ ಒಂದು ಕಾನೂನು ಮಾಡಿದ. ಯಾರ ಹತ್ತಿರ ಎಷ್ಟು ಆಸ್ತಿ ಇದ್ದರೆ ಯಾವ ಕವಚ ಇಟ್ಟುಕೊಂಡಿರಬೇಕು ಎಂದು. 16 ಮಾರ್ಕ್ (ಆಗಿನ ಹಣದ ಲೆಕ್ಕ) ಆಸ್ತಿ ಇದ್ದವನಿಗೆ ಸರಪಳಿ ಅಂಗಿ, ಶಿರಸ್ತ್ರಾಣ, ಗುರಾಣಿ, ಭರ್ಜಿ. 10 ಮಾರ್ಕ್ ಇದ್ದವನಿಗೆ ಸಣ್ಣ ಸರಪಳಿ ಅಂಗಿ. ಊರಿನ ಉಳಿದ ಎಲ್ಲ ಸ್ವತಂತ್ರ ಜನರಿಗೆ? ಹತ್ತಿ, ಉಣ್ಣೆ, ಚಿಂದಿ ತುಂಬಿ ಹೊಲಿದ ದಪ್ಪ ಅಂಗಿ, ಕಬ್ಬಿಣದ ಟೋಪಿ, ಭರ್ಜಿ. ಆ ಅಂಗಿಗೆ ಗ್ಯಾಂಬಿಸನ್ ಎಂದು ಹೆಸರು. ಅಂದರೆ ಸೈನ್ಯದ ತಲೆ ಎಣಿಸಿದರೆ ಬಟ್ಟೆ ತೊಟ್ಟವರೇ ಜಾಸ್ತಿ. ಮ್ಯೂಸಿಯಂನಲ್ಲಿ ಎಣಿಸಿದರೆ ಕಬ್ಬಿಣ ಜಾಸ್ತಿ. ಬಡವನ ಅಂಗಿಯನ್ನು ಯಾರೂ ಎತ್ತಿಡಲಿಲ್ಲ.

ನೂಲಿನೆಳೆ
ಕೌದಿಮನೆ ಅಕ್ಕ, ನಿಮ್ಮ ಅತ್ತೆಗೆ ಹೇಳಲೇಬೇಕಾದ ಒಂದು ವಿಷಯ ನನ್ನ ಹತ್ತಿರ ಇದೆ. ಇದನ್ನು ಮೊದಲ ಸಲ ಓದಿದಾಗ ನಾನು ಎದ್ದು ಕೂತೆ.

15ನೇ ಶತಮಾನದಲ್ಲಿ ಫ್ರಾನ್ಸಿನ ಹನ್ನೊಂದನೇ ಲೂಯಿ ತನ್ನ ಬಿಲ್ಲುಗಾರರಿಗೆ ಯಾವ ಅಂಗಿ ಹೊಲಿಸಬೇಕು ಎಂದು ಆಜ್ಞೆ ಬರೆಸಿದ. 30 ಪದರ ನಾರುಬಟ್ಟೆ, ಕಡಿಮೆ ಅಂದರೆ 25, ಜೊತೆಗೆ ಒಂದು ಜಿಂಕೆಯ ಚರ್ಮ. ಯಾವ ಬಟ್ಟೆ ಒಳ್ಳೆಯದು ಎಂದೂ ಬರೆದಿದೆ. ಉಟ್ಟು ತೊಟ್ಟು ಮೆತ್ತಗಾದ ಹಳೆಯ ಬಟ್ಟೆಯೇ ಒಳ್ಳೆಯದು! ಇಂಥ ಅಂಗಿ ತೊಟ್ಟವರಲ್ಲಿ ಇರಿತದಿಂದಲೋ ಬಾಣದಿಂದಲೋ ಸತ್ತವರನ್ನು ಆರು ಜನರನ್ನೂ ಕಂಡಿಲ್ಲ ಎಂಬ ಮಾತೂ ಅದರಲ್ಲಿದೆ.

ಕೌದಿಗೂ ಹೊಸ ಬಟ್ಟೆ ಹಾಕಲ್ಲ ಅಲ್ವಾ? ಹೊಸ ಬಟ್ಟೆಗೆ ಗಂಜಿ ಇರುತ್ತದೆ, ಬಿರುಸು. ಮಡಿಕೆ ಮೈಗೆ ಕೂರುವುದಿಲ್ಲ. ನೂರು ಸಲ ಒಗೆದ ಸೀರೆ ಒಂದರ ಮೇಲೊಂದು ಒತ್ತಿಕೊಂಡು ಕೂರುತ್ತದೆ. ತಿಳಿದವರು ಬೇರೆ ಬೇರೆ ದೇಶದಲ್ಲಿ ಒಂದೇ ಮಾತಿಗೆ ಬಂದಿದ್ದಾರೆ.

ತಡೆಯುವುದು ಹೇಗೆ ಎಂದರೆ, ಬಾಣದ ಮೊನೆ ಒಂದೊಂದು ಪದರದಲ್ಲೂ ನಾರುಗಳನ್ನು ಕೊಯ್ಯಬೇಕು, ಇಲ್ಲವೇ ಪಕ್ಕಕ್ಕೆ ತಳ್ಳಬೇಕು. ಪ್ರತಿ ಸಲವೂ ಅದರ ವೇಗ ಸ್ವಲ್ಪ ಸ್ವಲ್ಪ ಹೋಗುತ್ತದೆ. ಇಪ್ಪತ್ತನೇ ಪದರಕ್ಕೆ ಬರುವ ಹೊತ್ತಿಗೆ ಅದಕ್ಕೆ ಉಸಿರಿಲ್ಲ. ಬಾಣ ಅಂಗಿಯಲ್ಲಿ ನಾಟಿ ನಿಂತಿರುತ್ತದೆ, ಮೈಗೆ ತಾಗಿರುವುದಿಲ್ಲ. ಬಹಾವುದ್ದೀನ್ ಕಂಡಿದ್ದೂ ಅದನ್ನೇ.

ಕೌದಿಮನೆ
ನೂಲಿನೆಳೆಯವರೇ, ಓದಿ ಹೇಳಿದೆ. ಅತ್ತೆ ಮಾತಾಡಲಿಲ್ಲ. ಕೈಯಲ್ಲಿದ್ದ ಕೌದಿಯನ್ನು ಒಮ್ಮೆ ಬೆರಳಲ್ಲಿ ಒತ್ತಿ ನೋಡಿದರು.

ಹೊಸದಾರಿ
ನನ್ನದೊಂದು ಪ್ರಶ್ನೆ. ನಮ್ಮೂರ ಕೆರೆ ಏರಿಯ ಮೇಲೆ ವೀರಗಲ್ಲು ಇದೆ. ವೀರನ ಮೈ ಬರಿದು, ಸೊಂಟಕ್ಕೆ ಬಟ್ಟೆ, ಕೈಯಲ್ಲಿ ಕತ್ತಿ. ದೇವಸ್ಥಾನದ ಕೆತ್ತನೆಗಳಲ್ಲೂ ಹೆಚ್ಚಿನವರು ಹಾಗೇ. ನಮ್ಮವರು ಕವಚ ಇಲ್ಲದೇ ಹೋಗುತ್ತಿದ್ದರಾ? ಸೆಕೆ ಕಾರಣವಾ?

ಹಳೆಬರಹ
ಕೆತ್ತನೆಯನ್ನು ಫೋಟೋ ಎಂದು ತಿಳಿಯಬಾರದು. ಗ್ರೀಕರ ಹೂಜಿಗಳ ಮೇಲೂ ಯೋಧರು ಬರೀ ಮೈಯಲ್ಲಿ ಕಾದುತ್ತಾರೆ. ಆದರೆ ಅದೇ ಗ್ರೀಸಿನ ಆರ್ಗೋಸ್‌ನ ಗೋರಿಯಲ್ಲಿ ಕ್ರಿ.ಪೂ. 8ನೇ ಶತಮಾನದ ಗಂಟೆಯಾಕಾರದ ಕಂಚಿನ ಎದೆಗವಚ ಸಿಕ್ಕಿದೆ. ವೀರನ ಮೈ ತೋರಿಸುವುದು ಶಿಲ್ಪಿಯ ರೂಢಿ.

ನಮ್ಮಲ್ಲಿ ಕವಚ ತುಂಬಾ ಹಳೆಯದು. ಋಗ್ವೇದದ ಆರನೇ ಮಂಡಲದಲ್ಲಿ ಯುದ್ಧದ ಸಲಕರಣೆಗಳನ್ನೇ ಹೊಗಳುವ ಸೂಕ್ತ ಇದೆ, ಅದು ಶುರುವಾಗುವುದೇ ವರ್ಮದಿಂದ, ಅಂದರೆ ಕವಚದಿಂದ. ಅರ್ಥಶಾಸ್ತ್ರದ ಆಯುಧಾಗಾರದ ಪಟ್ಟಿಯಲ್ಲಿ ಲೋಹಜಾಲಿಕೆ, ಪಟ್ಟ, ಕವಚ, ಸೂತ್ರಕ ಎಂದು ಬೇರೆ ಬೇರೆ ಹೆಸರಿವೆ. ಸೂತ್ರಕ ಎಂದರೆ ನೂಲಿನದು. ಅಲ್ಲೇ ಖಡ್ಗಮೃಗ, ಆನೆ, ಹಸು ಇವುಗಳ ಚರ್ಮ, ಗೊರಸು, ಕೊಂಬು ಸೇರಿಸಿ ಮಾಡುವ ಕವಚದ ಮಾತೂ ಬರುತ್ತದೆ. ಪೋರಸನ ಬಗ್ಗೆ ಆರಿಯನ್ ಏನು ಬರೆದ ಗೊತ್ತಾ? ಅವನಿಗೆ ಗಾಯವಾದದ್ದು ಬಲ ಹೆಗಲಿಗೆ. ಅದೊಂದೇ ಜಾಗ ತೆರೆದಿತ್ತು. ಉಳಿದ ಮೈಯನ್ನು ಗಟ್ಟಿಯಾದ, ಚೆನ್ನಾಗಿ ಕೂಡಿಕೊಂಡ ಕವಚ ಕಾದಿತ್ತು.

ನಮ್ಮ ಕಡೆಗೆ ಬಂದರೆ ಹಂಪಿ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಸೈನ್ಯದ ಮೆರವಣಿಗೆ ನೋಡಿ ಬರೆದಿದ್ದಾನೆ. ಸವಾರರು ಪದರ ಹಾಕಿ ಹೊಲಿದ ನಿಲುವಂಗಿ ತೊಟ್ಟಿದ್ದರು. ಮೇಲೆ ಜರತಾರಿ, ಮಖಮಲ್, ರೇಷ್ಮೆ. ಒಳಗೆ ಗಟ್ಟಿಯಾದ ಹಸಿ ಚರ್ಮದ ಪದರಗಳು, ಅದಕ್ಕೆ ಕಬ್ಬಿಣದ ಹಲ್ಲೆಗಳು, ಅಂದರೆ ಚಪ್ಪಟೆ ತುಂಡುಗಳು. ಕೆಲವರ ಹಲ್ಲೆಗೆ ಚಿನ್ನದ ನೀರು, ಕೆಲವರದು ಬೆಳ್ಳಿಯದೇ. ಹೊರಗಿನಿಂದ ನೋಡಿದರೆ ಹಬ್ಬದ ಬಟ್ಟೆ, ಒಳಗೆ ಪೂರ್ತಿ ಕವಚ.

ಹಳೆಯ ಕನ್ನಡ ಕಾವ್ಯಗಳಲ್ಲಿ ಕವಚಕ್ಕೆ ಜೋಡು, ಮೈಜೋಡು ಎನ್ನುತ್ತಾರೆ. ಈಗ ಜೋಡು ಎಂದರೆ ಕಾಲಿನದು ಅಷ್ಟೇ ನೆನಪಿಗೆ ಬರುತ್ತದೆ. ಆ ಮಾತು ಕಳೆದುಹೋಗಬಾರದಿತ್ತು ಎಂದು ನನಗೆ ಬೇಜಾರಿದೆ.

ರೈನ್‌ದಂಡೆ
ಪಾಯಸ್ ಹೇಳಿದ ಈ ಅಂಗಿ ಓದಿದಾಗ ಸ್ವೀಡನ್ನಿನ ವಿಸ್ಬಿ ನೆನಪಾಗುತ್ತದೆ. ಅಲ್ಲೂ ಹಲ್ಲೆಗಳು ಬಟ್ಟೆ ಅಥವಾ ಚರ್ಮದ ಅಂಗಿಯ ಒಳಮೈಗೆ ರಿವೆಟ್ ಮಾಡಿದ್ದವು. 1361ರ ಜುಲೈ ತಿಂಗಳು, ಡೆನ್ಮಾರ್ಕಿನ ಸೈನ್ಯ ಬಂತು. ಎದುರಿಗೆ ನಿಂತವರು ಗಾಟ್‌ಲ್ಯಾಂಡ್ ದ್ವೀಪದ ರೈತರು. ಊರಿನ ಗೋಡೆಯ ಹೊರಗೇ ಅವರು ಸತ್ತರು. ಬಿಸಿಲಿಗೆ ಹೆಣ ಬೇಗ ಕೆಡತೊಡಗಿತು, ಕವಚ ಬಿಚ್ಚದೆಯೇ ಎಷ್ಟೋ ಜನರನ್ನು ಗುಂಡಿಗೆ ಹಾಕಿದರು. 20ನೇ ಶತಮಾನದಲ್ಲಿ ಅಗೆದಾಗ ಸಾವಿರಕ್ಕೂ ಹೆಚ್ಚು ಜನರ ಮೂಳೆ, ಅವರ ಕವಚಗಳು ಸಿಕ್ಕವು. ಮೂಳೆಗಳಲ್ಲಿ ಕಾಲಿಗೆ ಬಿದ್ದ ಏಟು ತುಂಬಾ. ಎದೆ ಮುಚ್ಚಿದ್ದರೆ ಕತ್ತಿ ಹುಡುಕುವುದು ಕಾಲನ್ನೇ.

ಹೊಸದಾರಿ, ಸೆಕೆಯ ಪ್ರಶ್ನೆ ಒಳ್ಳೆಯದೇ. 2011ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದವರು 15ನೇ ಶತಮಾನದ ಮಾದರಿಯ ಪೂರ್ತಿ ಉಕ್ಕಿನ ಕವಚ ತೊಡಿಸಿ ಟ್ರೆಡ್‌ಮಿಲ್ ಮೇಲೆ ನಡೆಸಿ ಓಡಿಸಿದರು. ದೇಹ ಸುಡುವ ಶಕ್ತಿ ಸುಮಾರು ಎರಡು ಪಟ್ಟಾಯಿತು. ಅಲ್ಲೇ ಹೀಗಾದರೆ ನಮ್ಮ ಬಿಸಿಲಲ್ಲಿ ಏನಾಗಬಹುದು ನೋಡಿ. ಹಾಗಂತ ಆ ಕವಚ ತೊಟ್ಟವನನ್ನು ಕ್ರೇನಿನಿಂದ ಕುದುರೆ ಹತ್ತಿಸುತ್ತಿದ್ದರು ಎನ್ನುವುದು ಸುಳ್ಳು ಕತೆ. ಯುದ್ಧದ ಕವಚ 20ರಿಂದ 25 ಕಿಲೋ, ಮೈತುಂಬಾ ಹಂಚಿರುತ್ತದೆ.

ಕುಲುಮೆ
ಆ ಉಕ್ಕಿನ ಬಗ್ಗೆ ನಾನು ಒಂದು ಮಾತು ಹೇಳದಿದ್ದರೆ ಕೈಕಸುಬಿಗೆ ಮೋಸ. ಆಸ್ಟ್ರಿಯಾದ ಇನ್ಸ್‌ಬ್ರುಕ್ಕಿನ ಕೆಲಸಗಾರರು ತಗಡನ್ನು ಕೆಂಪಗೆ ಕಾಯಿಸಿ, ಅದ್ದಿ ಗಟ್ಟಿ ಮಾಡಿ, ಮತ್ತೆ ಹದವಾಗಿ ಕಾಯಿಸಿ ಬಿರುಸು ಇಳಿಸುತ್ತಿದ್ದರು. ಅಷ್ಟು ದೊಡ್ಡ, ತೆಳ್ಳಗಿನ, ಬಾಗಿದ ತಗಡನ್ನು ಸೊಟ್ಟ ಆಗದ ಹಾಗೆ ಹದ ಮಾಡುವುದು ಇವತ್ತಿನ ವರ್ಕ್‌ಶಾಪಿನಲ್ಲೂ ಸುಲಭ ಅಲ್ಲ. ಎದೆಯ ಮಧ್ಯೆ ದಪ್ಪ, ಪಕ್ಕಕ್ಕೆ ಹೋದಂತೆ ತೆಳು. ಬಾಣ ಜಾರಿ ಹೋಗಲಿ ಎಂದು ಉಬ್ಬು. ಇಷ್ಟು ಲೆಕ್ಕಾಚಾರ ಸುತ್ತಿಗೆಯ ಏಟಿನಲ್ಲಿ ತಂದವರು ಅವರು. ಹಣ ಇದ್ದವನಿಗೆ ಇದಕ್ಕಿಂತ ಒಳ್ಳೆಯ ಕಾಪು ಬೇರೆ ಇರಲಿಲ್ಲ.

ಆದರೆ ಮೊದಲು ಬರೆದಾಗ ನಾನು ಬಟ್ಟೆಯನ್ನು ತೀರಾ ಕೆಳಗಿಟ್ಟೆ. ಅದು ತಪ್ಪು. ಹೊಲಿದವರದ್ದೂ ಕಸುಬೇ.

ನೂಲಿನೆಳೆ
ಕುಲುಮೆ ಅಣ್ಣ, ಹಣ ಇದ್ದವರೂ ಬಟ್ಟೆಗೆ ಬಂದದ್ದುಂಟು. ಮೆಕ್ಸಿಕೋದ ಅಸ್ಟೆಕ್ ಯೋಧರು ಹತ್ತಿ ತುಂಬಿ ಹೊಲಿದ ಎದೆಯಂಗಿ ತೊಡುತ್ತಿದ್ದರು, ಇಚ್‌ಕಹುಯಿಪಿಲ್ಲಿ ಎಂದು ಹೆಸರು. 1519ರಲ್ಲಿ ಕೊರ್ಟೆಸ್ ಜೊತೆ ಹೋದ ಸ್ಪೇನಿನವರು ಆ ಸೆಕೆಯಲ್ಲಿ, ಆ ಬಾಣಗಳ ಎದುರಿಗೆ, ಅದನ್ನೇ ಹೊಲಿಸಿ ತೊಟ್ಟರು. ನಮ್ಮಲ್ಲೂ ಮೊಘಲರ ಕಾಲದ ನಂತರದ ತನಕ "ಸಾವಿರ ಮೊಳೆಯ ಅಂಗಿ" ಎಂದು ಒಂದಿತ್ತು. ದಪ್ಪ ಬಟ್ಟೆಯ ಮೇಲೆ ಸಾಲುಸಾಲಾಗಿ ಸಣ್ಣ ಮೊಳೆ. ಬಂದೂಕು ಬಂದ ಮೇಲೂ ಅದು ಬೇಗ ಹೋಗಲಿಲ್ಲ.

ಹೊಸದಾರಿ
ಚೀನಾದ್ದು ಯಾರೂ ಹೇಳಲಿಲ್ಲ, ನಾನು ಓದಿದ್ದು ಹೇಳುತ್ತೇನೆ. ಮಣ್ಣಿನ ಸೈನಿಕರು ಸಿಕ್ಕ ಜಾಗದ ಹತ್ತಿರವೇ, ಮೊದಲ ಚಕ್ರವರ್ತಿಯ ಗೋರಿಯ ಪಕ್ಕ, 1998ರಲ್ಲಿ ಕಲ್ಲಿನ ಕವಚಗಳು ಸಿಕ್ಕವು. ಸುಣ್ಣದಕಲ್ಲಿನ ಸಣ್ಣ ಬಿಲ್ಲೆಗಳನ್ನು ತಾಮ್ರದ ತಂತಿಯಿಂದ ಕಟ್ಟಿದ್ದು. ಜೋಡಿಸಿದ ಒಂದರಲ್ಲಿ 612 ಬಿಲ್ಲೆ, 18 ಕಿಲೋ ತೂಕ. ತೊಡಲು ಅಲ್ಲ, ಸತ್ತವರಿಗಾಗಿ. ಆದರೆ ಬದುಕಿದ್ದವರು ತೊಡುತ್ತಿದ್ದ ಕವಚದ ಕಟ್ಟು ಹೇಗಿತ್ತೆಂದು ಅದರಿಂದಲೇ ತಿಳಿಯುತ್ತದೆ. ಕಲ್ಲಲ್ಲಿ ಮಾಡಿದ್ದಕ್ಕೆ ಉಳಿಯಿತು.

ಕೌದಿಮನೆ
ಎಲ್ಲರಿಗೂ ತುಂಬಾ ಧನ್ಯವಾದ. ಮಗಳು ಇದನ್ನೆಲ್ಲ ಓದಿದಳು. ಪ್ರಾಜೆಕ್ಟಿನಲ್ಲಿ ಬಿಳಿ ಕವಚವನ್ನು ಬಿಳಿಯಾಗಿಯೇ ಬಿಟ್ಟಿದ್ದಾಳೆ. ಪೌಸಾನಿಯಸ್ ಹೇಳಿದ್ದನ್ನೂ ಕೆಳಗೆ ಬರೆದಿದ್ದಾಳೆ.

ನಿನ್ನೆ ಅತ್ತೆ ಹಳೆ ಬಟ್ಟೆಯ ಗಂಟು ಬಿಚ್ಚಿಸಿದರು. ಮೊಮ್ಮಗಳಿಗೆ ಒಂದು ಗೇಣಿನ ತುಂಡು ಹೊಲಿದು ಕೊಡುತ್ತಾರಂತೆ, ಶಾಲೆಯಲ್ಲಿ ತೋರಿಸಲು. ಮಾವನ ಹಳೆ ಧೋತರವನ್ನು ಮಡಚುತ್ತಾ ಕೂತಿದ್ದಾರೆ. 30 ಪದರ ಎಂದಿದ್ದಾರೆ ನೂಲಿನೆಳೆಯವರು. ನಿನ್ನೆ ರಾತ್ರಿಗೆ 18 ಆಗಿತ್ತು. ಸೂಜಿ ಎರಡು ಮುರಿದವು. ಈಗ ದಬ್ಬಣ ಹಿಡಿದಿದ್ದಾರೆ.